ನಾಲ್ಕು ನಿಮಿಷದ ಒಪ್ಪಿಗೆ

"ಸತ್ತವರು ಪಟ್ಟಿಗೆ ವಾಪಸ್ ಬರುತ್ತಿದ್ದಾರೆ, ದಯವಿಟ್ಟು ನೋಡಿ" ಎಂದು ಆಸ್ಪತ್ರೆಯೊಂದರ ಗುಮಾಸ್ತೆ ನಮ್ಮ ಗುಂಪಿಗೆ ಪತ್ರ ಬರೆದಾಗ ನಾನು ಮೂಗು ಮುರಿದೆ. ಇಂಥ ಪತ್ರಗಳು ವಾರಕ್ಕೆ ಐದಾದರೂ ಬರುತ್ತವೆ. ಅಳಿಸಿದ್ದು ಅಳಿಸಿಲ್ಲ, ಉಳಿಸಿದ್ದು ಉಳಿದಿಲ್ಲ ಅಂತ ಗೋಳು. ಬಿಡಿಸಿ ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಗೋಳಾಡಿದವರೇ ಏನೋ ಒತ್ತಬಾರದ್ದು ಒತ್ತಿರುತ್ತಾರೆ.

ನಮ್ಮದು ಡೇಟಾಬೇಸ್ ಸರ್ವರ್. ಪಟ್ಟಿಗಳನ್ನು ಸಾಲುಸಾಲಾಗಿ ಇಟ್ಟುಕೊಂಡು, ಕೇಳಿದಾಗ ಹುಡುಕಿ ಕೊಡುವ ಸಾಫ್ಟ್‌ವೇರ್. ಅದಕ್ಕೆ ಮಾಲೀಕರು ಅಂತ ಯಾರೂ ಇಲ್ಲ. ಕೋಡ್ ಪೂರ್ತಿ ಬಯಲಲ್ಲೇ ಬಿದ್ದಿರುತ್ತದೆ. ಬೇಕಾದವರು ತೆಗೆದುಕೊಂಡು ಬಳಸಬಹುದು, ತಪ್ಪು ಕಂಡವರು ತಿದ್ದಿ ಕಳಿಸಬಹುದು. ಶಾಲೆ, ಅಂಗಡಿ, ಆಸ್ಪತ್ರೆ ಎಲ್ಲ ಕಡೆ ಅದು ಓಡುತ್ತದೆ, ಓಡುತ್ತಿದೆ ಎಂದು ಅಲ್ಲಿರುವವರಿಗೇ ಗೊತ್ತಿರುವುದಿಲ್ಲ. ನಾನು ಮಧ್ಯಾಹ್ನದವರೆಗೆ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ಆಮೇಲೆ ಮನೆಯ ಮಹಡಿ ಕೋಣೆಯಲ್ಲಿ ಕೂತು ಇದನ್ನು ರಿಪೇರಿ ಮಾಡುತ್ತೇನೆ.

ಗುಂಪಿನಲ್ಲಿ ಕಟ್ಟುನಿಟ್ಟಾದ ಪದ್ಧತಿ ಒಂದೇ. ಒಬ್ಬರು ಬರೆದ ತಿದ್ದುಪಡಿಯನ್ನು ಇನ್ನೊಬ್ಬರು ಸಾಲು ಸಾಲೂ ಓದಬೇಕು. ಓದಿ, ಸರಿ ಅನ್ನಿಸಿದ ಮೇಲೆ ಕೆಳಗೆ 'ಪರಿಶೀಲಿಸಿದವರು' ಎಂದು ತಮ್ಮ ಹೆಸರು ಹಾಕಬೇಕು. ಆ ಹೆಸರಿಲ್ಲದೆ ಯಾರು ಬರೆದದ್ದೂ ಒಳಗೆ ಹೋಗುವುದಿಲ್ಲ.

ನನ್ನನ್ನು ಈ ಕೆಲಸಕ್ಕೆ ಎಳೆದವನು ಅಣ್ಣ. ಸರ್ವರ್‌ನಲ್ಲಿ ಅಳಿಸಿದ ಸಾಲುಗಳನ್ನು ಗುಡಿಸಿ ಹಾಕುವ ಭಾಗ ಅವನದು. ಹನ್ನೊಂದು ವರ್ಷ ಅವನು ಬರೆದ, ನಾನು ಓದಿದೆ. ಅಷ್ಟೂ ವರ್ಷದಲ್ಲಿ ಅವನ ಒಂದು ತಿದ್ದುಪಡಿಯನ್ನೂ ನಾನು ಮೊದಲ ಸಲಕ್ಕೇ ಒಪ್ಪಿದವಳಲ್ಲ. ಅದಕ್ಕೇ ನನಗೆ 'ಕೊಕ್ಕೆ' ಅಂತ ಹೆಸರಿಟ್ಟಿದ್ದ, ಏನು ಕೊಟ್ಟರೂ ಕೊಕ್ಕೆ ತೆಗೆಯುತ್ತೇನೆಂದು. ಗುಂಪಿನವರೆಲ್ಲ ಹಾಗೇ ಕರೆಯುತ್ತಾರೆ. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಅಣ್ಣ ಹೋಗಿ ಹದಿನಾಲ್ಕು ತಿಂಗಳು. ಅವನ ಕೊನೆಯ ತಿದ್ದುಪಡಿ ಇದ್ದ ಆವೃತ್ತಿಯನ್ನು ಗುಂಪಿನವರು ಅವನ ನೆನಪಿಗೆ ಬಿಡುಗಡೆ ಮಾಡಿದರು. ಅತ್ತಿಗೆ ಆ ತಿದ್ದುಪಡಿಯ ಎರಡು ಹಾಳೆಗಳನ್ನು ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ, ಕೆಳಗಿನ ಮನೆಯ ಗೋಡೆಗೆ ಹಾಕಿದ್ದಾರೆ. ಅದರಲ್ಲಿ ಏನಿದೆ ಎಂದು ಅವರಿಗೆ ತಿಳಿಯುವುದಿಲ್ಲ. ಆದರೂ ದಿನಾ ಒರೆಸುತ್ತಾರೆ. ಅಣ್ಣ ಯಾವಾಗಲೋ ಹೊಂದಿಸಿಟ್ಟಿದ್ದ ಒಂದು ಪರೀಕ್ಷೆ ಇವತ್ತಿಗೂ ಪ್ರತಿ ಸೋಮವಾರ ತಾನಾಗಿ ಓಡಿ, ಅವನ ಹೆಸರಿನಲ್ಲಿ 'ಗುಡಿಸಿ ಆಯಿತು' ಎಂದು ಎಲ್ಲರಿಗೂ ಸಂದೇಶ ಕಳಿಸುತ್ತದೆ. ನಿಲ್ಲಿಸೋಣ ಎನ್ನುವ ಧೈರ್ಯ ಯಾರಿಗೂ ಇಲ್ಲ.

ಗುಮಾಸ್ತೆ ಬಿಡುವ ಪೈಕಿಯಲ್ಲ. ಮೂರು ಪತ್ರ ಬರೆದು, ನನ್ನ ನಂಬರ್ ಹುಡುಕಿ ಫೋನೇ ಮಾಡಿದಳು.

"ಮೇಡಂ, ನಾನು ಸರ್ಟಿಫಿಕೇಟ್ ನೋಡಿನೇ ಅಳಿಸೋದು. ಅಳಿಸಿದ ಮೇಲೆ ಇನ್ನೊಂದು ಸಲ ತೆಗೆದು, ಹೋಗಿದೆಯಾ ಅಂತ ನೋಡ್ತೀನಿ. ಹೋಗಿರುತ್ತೆ. ಕರೆಂಟ್ ಹೋಗಿ ಬಂತು ಅಂದ್ರೆ ಅವರಲ್ಲಿ ಒಬ್ಬರೋ ಇಬ್ಬರೋ ಮತ್ತೆ ಬಂದಿರ್ತಾರೆ."

"ಯುಪಿಎಸ್ ಇಲ್ವಾ?"

"ಕೆಟ್ಟು ಕೂತು ವರ್ಷವಾಯ್ತು."

"ಒಂದು ಹೆಸರು ಉಳಿದ್ರೆ ಏನೀಗ? ಮತ್ತೆ ಅಳಿಸಿ." ಇದು ನಾನು ಆಡಿದ ಮಾತೇ. ಮುಚ್ಚಿಡುವುದಿಲ್ಲ.

"ಇದು ಡಯಾಲಿಸಿಸ್ ಸರದಿ ಪಟ್ಟಿ ಮೇಡಂ. ಪಟ್ಟೀಲಿ ಹೆಸರಿದ್ರೆ ಕಂಪ್ಯೂಟರು ತಾನಾಗೇ ಮನೆಗೆ ಫೋನ್ ಮಾಡುತ್ತೆ. ನಾಳೆ ಒಂಬತ್ತಕ್ಕೆ ನಿಮ್ಮ ಸರದಿ ಅಂತ. ಹೋದ ಮಂಗಳವಾರ ಒಬ್ಬರು ಬಂದು ಕೂತಿದ್ರು. ಮಗಳ ಫೈಲು ತೊಡೆ ಮೇಲೆ. ಮಗಳು ಹೋಗಿ ಮೂರು ವಾರ, ನಾನೇ ಅಳಿಸಿದ್ದೆ. ಯಾಕೆ ಸಾರ್ ಬಂದ್ರಿ ಅಂದ್ರೆ, 'ನೀವೇ ಕರೆದ್ರಲ್ಲಮ್ಮ' ಅಂದ್ರು. ಅವರಿಗೆ ಗೊತ್ತಿಲ್ವಾ ಹೇಳಿ? ಎಲ್ಲ ಗೊತ್ತು. ಹನ್ನೆರಡರವರೆಗೂ ಕೂತಿದ್ದು ಎದ್ದು ಹೋದ್ರು. ಈಗ ಲೈಟು ಒಂದು ಸಲ ಮಿಣುಕ್ ಅಂದ್ರೆ ಸಾಕು, ಪಟ್ಟಿ ತೆಗೆದು ಕೂತ್ಬಿಡ್ತೀನಿ."

ಫೋನ್ ಇಟ್ಟ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ಆ ಮನುಷ್ಯ ತೊಡೆ ಮೇಲೆ ಫೈಲಿಟ್ಟುಕೊಂಡು ನನ್ನ ಕೋಣೆಯಲ್ಲೇ ಬಂದು ಕೂತ ಹಾಗೆ ಅನ್ನಿಸಿ, ಬಾಗಿಲ ಪಕ್ಕದ ಕುರ್ಚಿಯ ಕಡೆ ಎರಡು ದಿನ ತಿರುಗಿ ನೋಡಲಿಲ್ಲ.

ಇಂಥ ತಪ್ಪನ್ನು ಹಿಡಿಯಲು ಒಂದೇ ದಾರಿ, ಅದನ್ನು ನಮ್ಮ ಕಣ್ಣೆದುರು ಆಗುವಂತೆ ಮಾಡುವುದು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಅದರಲ್ಲಿ ಸರ್ವರ್ ಹಾಕಿ, ಐದು ಸಾವಿರ ಸಾಲು ತುಂಬಿಸಿ, ಎಲ್ಲವನ್ನೂ ಅಳಿಸಿ, ಗುಡಿಸುವ ಕೆಲಸ ಶುರುವಾದ ಕೂಡಲೇ ಪ್ಲಗ್ ಕಿತ್ತೆ. ಮತ್ತೆ ಹಾಕಿ ಎಣಿಸಿದೆ. ಸೊನ್ನೆ. ಮತ್ತೆ ತುಂಬಿಸಿದೆ, ಅಳಿಸಿದೆ, ಕಿತ್ತೆ. ಸೊನ್ನೆ. ಸಾಲುಗಳಲ್ಲಿ ಬರೀ ಸಂಖ್ಯೆ ಇಟ್ಟಿದ್ದೆ. ಯಾರ ಹೆಸರನ್ನಾದರೂ ಹಾಕಿ, ಅದೇ ಹೆಸರು ಎದ್ದು ಬಂದರೆ ಏನು ಗತಿ ಎನ್ನುವ ಪುಕ್ಕಲುತನ.

"ಆ ಪ್ಲಗ್ಗಿಗೆ ಏನು ಶಾಪವೋ" ಎಂದು ಅತ್ತಿಗೆ ಕಾಫಿ ತಂದಿಟ್ಟು ಹೋದರು.

ಮೂರನೆಯ ದಿನ, ಇನ್ನೂರ ಹದಿನಾಲ್ಕನೆಯ ಸಲ, ಎಣಿಕೆ ಒಂದು ಬಂತು. ತೆರೆದು ನೋಡಿದೆ. 4171. ನಾನೇ ಅಳಿಸಿದ ಸಾಲು, ಏನೂ ಆಗದವರ ಹಾಗೆ ತನ್ನ ಜಾಗದಲ್ಲಿ ಇತ್ತು. ಮಟಮಟ ಮಧ್ಯಾಹ್ನ, ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ, ನನಗೆ ಮೈ ಝುಮ್ಮೆಂದಿತು. ಬರೀ ಸಂಖ್ಯೆ ಕಣೇ ಎಂದು ಗಟ್ಟಿಯಾಗಿ ನನಗೇ ಹೇಳಿಕೊಂಡೆ.

ಇನ್ನು ಉಳಿದದ್ದು, ತಪ್ಪು ಎಂದಿನಿಂದ ಇದೆ ಎಂದು ಹುಡುಕುವುದು. ಎರಡು ವರ್ಷದ ಹಿಂದಿನ ಆವೃತ್ತಿಯಲ್ಲಿ ಸತ್ತ ಸಾಲು ಏಳುವುದಿಲ್ಲ, ಈಗಿನದರಲ್ಲಿ ಏಳುತ್ತದೆ. ಸರಿಯಾಗಿ ನಡುವಿನದನ್ನು ತೆಗೆದು ಪರೀಕ್ಷಿಸಬೇಕು. ಅಲ್ಲೂ ಎದ್ದರೆ ತಪ್ಪು ಇನ್ನೂ ಹಿಂದೆ, ಏಳದಿದ್ದರೆ ಮುಂದೆ. ಹೀಗೆ ಅರ್ಧ, ಅದರಲ್ಲರ್ಧ. ಪ್ಲಗ್ಗಿಗೆ ಒಂದು ಟೈಮರ್ ಕಟ್ಟಿ ಅದೇ ಕಿತ್ತು ಹಾಕುವ ಹಾಗೆ ಮಾಡಿದೆ. ನಾನು ಗ್ರಂಥಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಉತ್ತರ ಸಿಕ್ಕಿರುತ್ತಿತ್ತು. ಹುಡುಕಾಟದ ಸುತ್ತು ಕಿರಿದಾಗುತ್ತಾ ಅಣ್ಣನ ಕೊನೆಯ ತಿಂಗಳುಗಳ ಕಡೆಗೇ ಹೋಗತೊಡಗಿದಾಗ ನನಗೆ ಊಟ ಸೇರದಾಯಿತು. ಬೇರೆ ಯಾರದಾದರೂ ಆಗಿರಲಿ ಎಂದು ಬೇಡಿಕೊಂಡೆ. ಒಂಬತ್ತನೆಯ ದಿನ ಉಳಿದದ್ದು ಒಂದೇ ತಿದ್ದುಪಡಿ. ಕೆಳಗಿನ ಮನೆಯ ಗೋಡೆಯ ಮೇಲೆ ಇದ್ದದ್ದೇ ಅದು.

ತಪ್ಪು ಕೋಡಿನ ಎರಡೇ ಸಾಲಿನದು. ನಮ್ಮ ಸರ್ವರ್‌ನಲ್ಲಿ ಅಳಿಸಿದ ಸಾಲು ತಕ್ಷಣ ಮಾಯವಾಗುವುದಿಲ್ಲ. 'ಇಂಥ ನಂಬರಿನ ಕೆಲಸದಲ್ಲಿ ಅಳಿಸಲಾಗಿದೆ' ಎಂಬ ಗುರುತು ಮಾತ್ರ ಬೀಳುತ್ತದೆ. ಆ ಕೆಲಸ ಪೂರ್ತಿಯಾಯಿತೋ, ಅರ್ಧಕ್ಕೆ ನಿಂತಿತೋ ಎಂಬುದು ಬೇರೆ ಒಂದು ಪುಸ್ತಕದಲ್ಲಿರುತ್ತದೆ. ಗುಡಿಸುವ ಭಾಗ ಮೊದಲು ಸತ್ತ ಸಾಲನ್ನು ತೆಗೆದು, ತೆಗೆದದ್ದು ಡಿಸ್ಕಿಗೆ ತಲುಪಿತೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಆ ಪುಸ್ತಕದ ಹಳೆಯ ಹಾಳೆ ಹರಿಯಬೇಕು. ವೇಗ ಹೆಚ್ಚಿಸಲು ಹೋಗಿ ಅಣ್ಣ ಇವೆರಡನ್ನು ಹಿಂದುಮುಂದು ಮಾಡಿದ್ದ. ಹಾಳೆ ಹರಿದು, ಸಾಲು ಇನ್ನೂ ಹೋಗದಿರುವಾಗ ಕರೆಂಟ್ ಹೋದರೆ ಮುಗಿಯಿತು. ಸರ್ವರ್ ಎದ್ದು ಗುರುತು ನೋಡುತ್ತದೆ, ಹಾಳೆ ಹುಡುಕುತ್ತದೆ, ಸಿಗುವುದಿಲ್ಲ. ಸಾವು ಪೂರ್ತಿಯಾಗಿಲ್ಲ ಎಂದುಕೊಂಡು ಸಾಲನ್ನು ಬದುಕಿಸಿಬಿಡುತ್ತದೆ.

ಯಾರಾದರೂ ಸರಿಯಾಗಿ ಓದಿದ್ದರೆ ಮೊದಲ ನೋಟಕ್ಕೇ ಕಾಣುವ ತಪ್ಪು. ಕೆಳಗೆ 'ಪರಿಶೀಲಿಸಿದವರು' ಎಂದು ನನ್ನ ಹೆಸರಿತ್ತು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಹೊರಗೆ ಕರೆದು, ಹೆಚ್ಚೆಂದರೆ ಎರಡು ತಿಂಗಳು ಎಂದಿದ್ದರು. ಅಣ್ಣನಿಗೆ ಹೇಳುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ವಾಸಿಯಾಗುತ್ತದಂತೆ, ಸ್ವಲ್ಪ ನಿಧಾನವಂತೆ ಎಂದು ಹಲ್ಲು ಕಿರಿದು ಹೇಳಿದೆವು. ಸಂಜೆ ಅವನು ಕೆಳಗೆ ಮಲಗಿದಲ್ಲಿಂದಲೇ ತಿದ್ದುಪಡಿ ಕಳಿಸಿದ. ನಾನು ಮೇಲಿನ ಕೋಣೆಯಲ್ಲಿ ಅದನ್ನು ಬಿಚ್ಚಿ ಕೂಡ ನೋಡದೆ ಹೆಸರು ಹಾಕಿ ಒಳಗೆ ಸೇರಿಸಿದೆ. ದಾಖಲೆಯಲ್ಲಿ ಹೊತ್ತು ಇದೆ. ಅವನು ಕಳಿಸಿದ್ದಕ್ಕೂ ನಾನು ಒಪ್ಪಿದ್ದಕ್ಕೂ ನಾಲ್ಕು ನಿಮಿಷ. ಅದರಲ್ಲಿ ಮೂರು ನಿಮಿಷ ಕಣ್ಣೊರೆಸಿಕೊಳ್ಳಲು ಹೋಗಿತ್ತು. ಸಾಯುವವನ ಕೆಲಸದಲ್ಲಿ ಯಾವ ಬಾಯಿಂದ ತಪ್ಪು ಹುಡುಕಲಿ?

ಈಗ ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಆದರೆ ಸರಿಪಡಿಸುವವರು ತಪ್ಪು ಯಾರ ಯಾವ ತಿದ್ದುಪಡಿಯಿಂದ ಬಂತೆಂದು ಬರೆಯಬೇಕು. 'ಸಣ್ಣ ಸುಧಾರಣೆ' ಎಂದು ಬರೆದು ಜಾರಿಕೊಳ್ಳಬಹುದಿತ್ತು. ಹಾಗೆ ಬರೆದರೆ ಯಾವ ಆಸ್ಪತ್ರೆಯೂ ಹೊಸದನ್ನು ಹಾಕಿಕೊಳ್ಳುವ ಗೋಜಿಗೆ ಹೋಗುವುದಿಲ್ಲ, ಸತ್ತವರ ಮನೆಗೆ ಫೋನ್ ಹೋಗುತ್ತಲೇ ಇರುತ್ತದೆ. ನಿಜ ಬರೆದರೆ, ಎಲ್ಲರೂ ಅಣ್ಣನ ಕೊನೆಯ ಉಡುಗೊರೆ ಎನ್ನುತ್ತಿರುವುದೇ ಸತ್ತವರನ್ನು ಎಬ್ಬಿಸಿದ್ದು ಎಂದು ನಾನೇ ಸಾರಿದ ಹಾಗೆ. ಎರಡು ದಿನ ಒದ್ದಾಡಿದೆ.

ಬರೆಯುವ ಮುಂಚೆ ಒಂದು ಸಲವಾದರೂ ಓದೋಣವೆಂದು ಅವನ ಹಳೆಯ ಪತ್ರ ತೆಗೆದೆ. ನಮ್ಮಲ್ಲಿ ತಿದ್ದುಪಡಿ ಪತ್ರದ ರೂಪದಲ್ಲಿ ಬರುತ್ತದೆ. ವಿವರಣೆಯ ಕೆಳಗೆ ಒಂದು ಸಣ್ಣ ಗೆರೆ. ಗೆರೆಯ ಕೆಳಗೆ ಬರೆದದ್ದು ಓದುವವರಿಗೆ ಮಾತ್ರ. ತಿದ್ದುಪಡಿ ಒಳಗೆ ಸೇರುವಾಗ ಅದು ತಾನಾಗಿ ಉದುರಿಹೋಗುತ್ತದೆ, ದಾಖಲೆಯಲ್ಲಿ ಉಳಿಯುವುದಿಲ್ಲ. ಗೆರೆಯ ಕೆಳಗೆ ಅಣ್ಣ ಬರೆದಿದ್ದ:

'ಕೊಕ್ಕೆ, ಕೊನೆಯ ಎರಡು ಸಾಲು ಹಿಂದುಮುಂದಾಗಿದೆಯಾ ಅಂತ ನನಗೆ ಅನುಮಾನ. ಮಾತ್ರೆ ನುಂಗಿದ ಮೇಲೆ ತಲೆ ನಿಲ್ತಿಲ್ಲ. ಮೂರು ಸಲ ಓದಿದೆ, ಮೂರು ಸಲವೂ ಬೇರೆ ಬೇರೆ ಅನ್ನಿಸ್ತು. ಚೆನ್ನಾಗಿ ನೋಡು. ಸರಿ ಇಲ್ಲ ಅಂದ್ರೆ ಬೈದು ವಾಪಸ್ ಕಳಿಸು. ಕಾಯ್ತಿರ್ತೀನಿ.'

ಅವನ ದನಿ ಕಿವಿಯ ಪಕ್ಕದಲ್ಲೇ ಕೇಳಿತು. ಆಮೇಲೆ ಎರಡು ಸಾಲನ್ನೂ ಅದಲುಬದಲು ಮಾಡಿ, ವಿವರಣೆಯಲ್ಲಿ ಹೀಗೆ ಬರೆದೆ: 'ಈ ತಪ್ಪು ನನ್ನ ಅಣ್ಣನ ಕೊನೆಯ ತಿದ್ದುಪಡಿಯಿಂದ ಬಂದಿದೆ. ಇಲ್ಲೇ ಅನುಮಾನವಿದೆ, ನೋಡು ಎಂದು ಅವನು ಕೇಳಿದ್ದ. ನಾನು ಓದದೆ ಹೆಸರು ಹಾಕಿದೆ. ತಪ್ಪು ನನ್ನದು. ಎಲ್ಲರೂ ಕೂಡಲೇ ಹೊಸ ಆವೃತ್ತಿ ಹಾಕಿಕೊಳ್ಳಿ.' ಗುಂಪಿನ ಹಿರಿಯರೊಬ್ಬರು ಅದನ್ನು ಒಂದೂವರೆ ದಿನ ಓದಿ ಒಪ್ಪಿದರು.

ಆ ವಾರವೇ ಗುಮಾಸ್ತೆ ಫೋನ್ ಮಾಡಿದಳು. ಹೊಸದು ಹಾಕಿಸಿ, ಬೇರೊಂದು ಕಂಪ್ಯೂಟರಿನಲ್ಲಿ ಪಟ್ಟಿಯ ನಕಲು ಇಟ್ಟು, ತಾನೇ ನಿಂತು ಮುನ್ನೂರು ಸಲ ಸ್ವಿಚ್ ಆರಿಸಿದಳಂತೆ. "ಯಾರೂ ಬರಲಿಲ್ಲ ಮೇಡಂ" ಎಂದಳು.

ಬೇರೆಯವರ ಬಾಯಿಂದ ಕೇಳುವ ಮುಂಚೆ ಅತ್ತಿಗೆಗೆ ನಾನೇ ಹೇಳಬೇಕಿತ್ತು. ಕೆಳಗೆ ಹೋದೆ. ಅವರು ಕಿಟಕಿಯ ಹತ್ತಿರ ಕೂತು ರವಿಕೆಗೆ ಹುಕ್ಕು ಹೊಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯ ಪಟ್ಟಿ, ತೊಡೆ ಮೇಲೆ ಫೈಲಿಟ್ಟುಕೊಂಡ ಆ ಅಪ್ಪ, ಗೆರೆಯ ಕೆಳಗಿನ ಮಾತು, ನಾನು ಓದದೆ ಒಪ್ಪಿದ್ದು. ಬೈಯಲಿ ಎಂದು ಕಾದೆ.

"ನೀನು ಓದಿಲ್ಲ ಅಂತ ಅವರಿಗೆ ಆವತ್ತೇ ಗೊತ್ತಾಗಿತ್ತು" ಎಂದರು ಅತ್ತಿಗೆ, ಸೂಜಿಯಿಂದ ಕಣ್ಣು ತೆಗೆಯದೆ.

"ಹೇಗೆ?"

"ಕಳಿಸಿ ಇನ್ನೂ ದಿಂಬಿಗೆ ಒರಗಿರಲಿಲ್ಲ, ನಿನ್ನ ಒಪ್ಪಿಗೆ ಬಂತು. ಫೋನು ಹಿಡ್ಕೊಂಡು ಸುಮಾರು ಹೊತ್ತು ನೋಡ್ತಾ ಇದ್ರು. ಏನಾಯ್ತು ಅಂದೆ. 'ಒಂದು ಮಾತೂ ಬೈಲಿಲ್ಲ ಅವಳು. ಹನ್ನೊಂದು ವರ್ಷದಲ್ಲಿ ಇದೇ ಮೊದಲು' ಅಂದ್ರು. ಆಮೇಲೆ ನನ್ನ ಮುಖ ನೋಡಿ, 'ಡಾಕ್ಟ್ರು ನಿಮಗೆ ಎಷ್ಟು ದಿನ ಅಂತ ಹೇಳಿದ್ರು?' ಅಂತ ಕೇಳಿದ್ರು."

ಅಲ್ಲೇ ನೆಲದ ಮೇಲೆ ಕೂತೆ. ಎರಡು ತಿಂಗಳು ದಿನಾ ಅವನ ಮಂಚದ ಪಕ್ಕ ಕೂತು, ಮುಂದಿನ ವರ್ಷ ಏನೇನು ಬರೆಯೋಣ ಎಂದು ನಗುನಗುತ್ತಾ ಮಾತಾಡಿದ್ದೆ. ಅವನೂ ಹೂಂ, ಹೂಂ ಎಂದಿದ್ದ.

"ನನಗೆ ಯಾಕೆ ಹೇಳಲಿಲ್ಲ ಅತ್ತಿಗೆ?"

"ಹೇಳಬೇಡ ಅಂದಿದ್ರು. 'ಪಾಪ, ಅಷ್ಟು ಕಷ್ಟಪಟ್ಟು ಒಪ್ಪಿದಾಳೆ, ಒಪ್ಪಿದ ಹಾಗೇ ಇರಲಿ ಬಿಡು' ಅಂದ್ರು."