ಕೊನೆಗೆ ಬಂದವಳ ವಿಶ್ರಾಂತಿ

ಮಳೆಯ ನಡುವೆ ಮತ್ತೆ ಸೀಟಿಯ ಸದ್ದು ಕೇಳಿದಾಗ, ಅದನ್ನು ಗಂಡನ ಕೊರಳಿಂದ ಕಿತ್ತು ಕಣಿವೆಗೆ ಎಸೆದುಬಿಡಬೇಕು ಎನ್ನಿಸಿತು ಅವಳಿಗೆ. ಗಂಡ ಶಾಲೆಯೊಂದರ ಡ್ರಿಲ್ ಮೇಷ್ಟರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಭ್ಯಾಸವಾದ ಮನುಷ್ಯ, ಬೆಟ್ಟಕ್ಕೆ ಬರುವಾಗಲೂ ಸೀಟಿ ಬಿಟ್ಟು ಬಂದಿರಲಿಲ್ಲ. ಎರಡು ಸಲ ಊದಿದರೆ ನಿಲ್ಲಬೇಕು, ಒಂದು ಸಲ ಊದಿದರೆ ಹೊರಡಬೇಕು. ಬೆಳಗಿನಿಂದ ಅವಳ ಪಾಲಿಗೆ ಬಂದದ್ದೆಲ್ಲ ಹೊರಡುವ ಸೀಟಿಯೇ.

ಅವಳು ದರ್ಜಿ. ವರ್ಷವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವಳಿಗೆ ಏರುದಾರಿ ಕಷ್ಟವೇ. ಆದರೂ ಬೆಟ್ಟದ ತುದಿ ನೋಡುವ ಆಸೆ ಮದುವೆಗೂ ಮೊದಲಿನದು. ಪ್ರತಿ ಸಲವೂ ಗಂಡ ತಮ್ಮನನ್ನು ಕಟ್ಟಿಕೊಂಡು ಹೋಗಿ, ಬಂದ ಮೇಲೆ ಬಾಯಿತುಂಬ ವರ್ಣಿಸುತ್ತಿದ್ದ. ಈ ಸಲ ಅವಳು ಹಟ ಹಿಡಿದಳು. ರಾತ್ರಿ ದಾರಿಯಲ್ಲಿ ಟೆಂಟು, ಬೆಳಿಗ್ಗೆ ತುದಿ. ಗಂಡ ಒಪ್ಪಿದ, ಆದರೆ ನಿಧಾನ ಮಾಡಿದರೆ ಮರುದಿನ ಟೆಂಟು ಕಾಯುತ್ತ ಕೂರಬೇಕೆಂದು ಮೊದಲೇ ಹೇಳಿಬಿಟ್ಟಿದ್ದ.

ನಿಧಾನವಂತೂ ಆಗಿತ್ತು. ಅಣ್ಣ ತಮ್ಮ ಸರಸರನೆ ಹತ್ತಿ, ಯಾವುದಾದರೂ ಬಂಡೆಯ ಮರೆಯಲ್ಲಿ ಚೀಲ ಇಳಿಸಿ ಕೂರುತ್ತಿದ್ದರು. ಬಿಸ್ಕತ್ತು ತಿಂದು, ನೀರು ಕುಡಿದು, ಕಾಲು ಚಾಚಿ ಹರಟುತ್ತಿದ್ದರು. ಅವಳು ಏದುಸಿರು ಬಿಡುತ್ತ ತಲುಪಿದೊಡನೆ ಗಂಡ, ಬಂದಳು ನಡಿ ಎಂದು ತಮ್ಮನನ್ನು ಎಬ್ಬಿಸಿ ಸೀಟಿ ಊದುತ್ತಿದ್ದ. ಚೀಲ ಇಳಿಸುವುದಿರಲಿ, ಬೂಟಿನೊಳಗಿನ ನೀರು ಚೆಲ್ಲುವುದಕ್ಕೂ ಅವಳಿಗೆ ಪುರುಸೊತ್ತು ಸಿಗುತ್ತಿರಲಿಲ್ಲ. ಅವಳು ಬೆಟ್ಟ ಹತ್ತಿದಷ್ಟೂ ಸಿಟ್ಟು ಅವಳ ತಲೆಗೆ ಹತ್ತುತ್ತಿತ್ತು.

ಈಗಲೂ ಅದೇ ಕಥೆ. ಅವಳು ಬಂಡೆಯ ಹತ್ತಿರ ಬಂದಳು, ಅವರಿಬ್ಬರೂ ಎದ್ದರು. ಅವಳು ಚೀಲ ಕೆಳಗಿಟ್ಟು ಕೂತೇಬಿಟ್ಟಳು.

"ಏಳು, ಕತ್ತಲಾಗೋದ್ರೊಳಗೆ ಟೆಂಟ್ ಹಾಕ್ಬೇಕು," ಎಂದ ಗಂಡ. "ಒದ್ದೆ ಬಟ್ಟೇಲಿ ಕೂತ್ರೆ ನಡುಕ ಹಿಡಿಯುತ್ತೆ. ನಿನಗೋಸ್ಕರ ಎಷ್ಟು ಕಡೆ ಕಾದ್ವಿ, ಗೊತ್ತಾ?"

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕತ್ತಲಾಗುವುದು ನಿಜ, ಕಾದದ್ದೂ ನಿಜ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

"ಕಾದ್ವಿ ಅಂದ್ರೆ ನೀವು ಕೂತಿದ್ರಿ ಅಂತ. ನಾನು ಯಾವಾಗ ಕೂತೆ, ಹೇಳಿ?"

ಅಲ್ಲಿಯವರೆಗೆ ಅಣ್ಣ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ ಮೈದುನ ತಲೆ ಕೆರೆದುಕೊಂಡ.

"ಹೌದಲ್ಲಣ್ಣ, ಅತ್ತಿಗೆ ಕೂತಿದ್ದನ್ನ ನಾನು ನೋಡೇ ಇಲ್ಲ," ಎಂದವನೇ ಚೀಲ ಇಳಿಸಿ ಪಕ್ಕದಲ್ಲಿ ಕೂತ.

ಗಂಡ ಮಾತ್ರ ಗೊಣಗುತ್ತ ಮಳೆಯಲ್ಲೇ ನಿಂತಿದ್ದ. ಅವಳು ಬೂಟು ಬಿಚ್ಚಿ ನೀರು ಚೆಲ್ಲಿ, ಬಿಸ್ಕತ್ತು ತಿಂದು, ಸುಧಾರಿಸಿಕೊಂಡು ತಾನಾಗಿಯೇ ಎದ್ದಳು. ಉಳಿದ ದಾರಿ ನಡೆದು ಟೆಂಟು ಹಾಕುವಷ್ಟರಲ್ಲಿ ಕತ್ತಲಾಗಿತ್ತು, ಗಂಡನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ತುದಿಯ ಆಸೆಗೆ ಅವಳು ಎಳ್ಳುನೀರು ಬಿಟ್ಟು ಮಲಗಿದಳು.

ಬೆಳಿಗ್ಗೆಯೂ ಮಳೆ ಬಿಟ್ಟಿರಲಿಲ್ಲ. ಟೆಂಟಿನ ಬಾಯಲ್ಲಿ ಸ್ಟೌ ಹಚ್ಚಿ, ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿ ಇಬ್ಬರಿಗೂ ಬಡಿಸಿದಳು. ಅವರು ಉಂಡರು, ಮತ್ತೆ ಹಾಕಿಸಿಕೊಂಡರು. ಅವಳು ತನ್ನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳುವ ಹೊತ್ತಿಗೆ ಅವರದು ಮುಗಿದಿತ್ತು. ಗಂಡ ಖಾಲಿ ತಟ್ಟೆ ಹಿಡಿದು ಅರ್ಧ ಮೇಲೆದ್ದವನು ಹಾಗೆಯೇ ನಿಂತ. ಅವಳನ್ನು ನೋಡಿದ, ಅವಳು ಇನ್ನೂ ಮುಟ್ಟದ ತಟ್ಟೆಯನ್ನು ನೋಡಿದ.

"ಮನೇಲೂ ಹೀಗೇ ಆಗುತ್ತಾ?"

"ಮದುವೆಯಾದಾಗಿನಿಂದ."

ಅವನ ಮುಖ ಸಣ್ಣದಾಯಿತು. ಏಳಲು ಹೊರಟಿದ್ದ ತಮ್ಮನ ತೋಳು ಹಿಡಿದು ಕೂರಿಸಿ, ತಾನೂ ಕೂತ.

"ಇವತ್ತು ನೀನು ಮುಂದೆ ನಡಿ. ನೀನು ನಿಂತಲ್ಲಿ ನಿಲ್ತೀವಿ, ನೀನು ಎದ್ದಾಗ ಏಳ್ತೀವಿ."

ಅವನು ಹೇಳುತ್ತಿರುವುದು ತುದಿಯ ಮಾತು ಎಂದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಸಂತೋಷವಾಯಿತು. ಸಿಟ್ಟು ಮಾತ್ರ ಪೂರ್ತಿ ಇಳಿಯಲಿಲ್ಲ. ಇಷ್ಟು ವರ್ಷಗಳ ಸಿಟ್ಟು ಒಂದು ಮಾತಿಗೆ ಇಳಿಯುವಂಥದ್ದೂ ಅಲ್ಲ. ಆದರೆ ಹಸಿವಾಗಿತ್ತು. ನಿಧಾನವಾಗಿ ಉಂಡಳು. ಆಮೇಲೆ, ಅಣ್ಣ ತಮ್ಮ ಇಬ್ಬರೂ ಖಾಲಿ ತಟ್ಟೆ ಹಿಡಿದು ಕಾಯುತ್ತಿರುವಾಗ, ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎರಡನೇ ಸಲ ಬಡಿಸಿಕೊಂಡಳು.