ಕೆಂಪು ಕಾಣದ ಪರದೆ

ಮೂರು ವಾರದಿಂದ ನನಗೆ ಕೆಮ್ಮು. ಬೇರೆ ಯಾರಾದರೂ ಆಗಿದ್ದರೆ ಕಷಾಯ ಕುಡಿದು ಸುಮ್ಮನಾಗುತ್ತಿದ್ದರು. ನಾನು ಸವಣೂರಿನ ಒಂದು ಲ್ಯಾಬಿನಲ್ಲಿ ಮಂದಿಯ ಕಫ ನೋಡಿ ಟಿಬಿ ಇದೆಯೋ ಇಲ್ಲವೋ ಎಂದು ಹೇಳುವವಳು. ಹಾಗಾಗಿ ಪ್ರತಿ ಕೆಮ್ಮಿಗೂ ನನಗೆ ಅದೇ ಅನುಮಾನ. ಮನೆಯಲ್ಲಿ ಒಂಬತ್ತು ತಿಂಗಳ ಕೂಸು ಬೇರೆ.

ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ ನೆಗಡಿ ಎಂದು ಸುಳ್ಳು ಹೇಳಿದೆ. ಗಂಡ ಮಹಾಂತೇಶ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮನೆಯಲ್ಲಿ ಅತ್ತೆ ಸುಶೀಲವ್ವ, ನಾನು, ಕೂಸು. ಈ ರೋಗ ಎದೆಹಾಲಿನಿಂದ ಬರುವುದಿಲ್ಲ, ಉಸಿರಿನಿಂದ ಬರುತ್ತದೆ ಎಂದು ನಾನೇ ಎಷ್ಟೋ ಬಾಣಂತಿಯರಿಗೆ ಬುದ್ಧಿ ಹೇಳಿದ್ದೆ. ಅದಕ್ಕೇ ಮಾಸ್ಕ್ ಹಾಕಿಕೊಂಡು ಹಾಲು ಕುಡಿಸುತ್ತಿದ್ದೆ. ಕುಡಿಸಿದ ಕೂಡಲೇ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ದೂರ ಸರಿಯುತ್ತಿದ್ದೆ. ರಾತ್ರಿ ಕೂಸು ಮಲಗುತ್ತಿದ್ದುದೂ ಅತ್ತೆಯ ಮಗ್ಗುಲಲ್ಲೇ.

"ಎಂಥಾ ತಾಯಿನ ನೀ? ಕೂಸು ಕೈ ಚಾಚಿದ್ರ ಹಿಂದ ಸರೀತಿಯಲ್ಲ," ಎಂದು ಅತ್ತೆ ಬೈಯುತ್ತಿದ್ದರು. ನಾನು ಮಾಸ್ಕ್ ಮೇಲೆಳೆದುಕೊಂಡು ಒಳಗೆ ಹೋಗುತ್ತಿದ್ದೆ.

ಸರ್ಕಾರಿ ಆಸ್ಪತ್ರೆಗೆ ಹೋಗಬಹುದಿತ್ತು. ಆದರೆ ಅಲ್ಲಿ ಎಲ್ಲರಿಗೂ ನನ್ನ ಗುರುತು. ನೆಪ ಹೇಳಿ ಏನು ಬಂತು, ನನಗೆ ಹೆದರಿಕೆ, ಅಷ್ಟೇ. ಊರಿಗೆಲ್ಲ ಧೈರ್ಯ ಹೇಳುವವಳಿಗೆ ತನ್ನ ಕಫ ತಾನು ನೋಡುವ ಧೈರ್ಯ ಇರಲಿಲ್ಲ.

ಹೀಗಿರುವಾಗ ಸೋಮವಾರ ಲ್ಯಾಬಿನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಅದಿಲ್ಲದೆ ನಮ್ಮ ಕೆಲಸ ನಡೆಯದು. ಸೂಕ್ಷ್ಮದರ್ಶಕದ ಮೇಲೆ ಒಂದು ಕ್ಯಾಮೆರಾ ಕೂರಿಸಿದ್ದಾರೆ, ಗಾಜಿನ ಮೇಲಿರುವುದೆಲ್ಲ ಮಾನಿಟರಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಹೆರಿಗೆಯಾದ ಮೇಲೆ ನನಗೆ ಬೆನ್ನುನೋವು, ಬಗ್ಗಿ ಕಣ್ಣಿಟ್ಟು ನೋಡುವುದನ್ನು ಬಿಟ್ಟೇಬಿಟ್ಟಿದ್ದೆ.

ಲ್ಯಾಬಿನ ಮಾಲೀಕರು ಖಲಂದರ ಸಾಹೇಬರು. ಅವತ್ತೇ ಹುಬ್ಬಳ್ಳಿಯಿಂದ ಹೊಸ ಸಿಪಿಯು ತಂದರು, ಮಾನಿಟರ್ ಮಾತ್ರ ಹಳೆಯದೇ ಸಾಕು ಎಂದರು. ಹೊಸದರ ಹಿಂದೆ ನೋಡಿದರೆ ಹಳೆಯ ಮಾನಿಟರಿನ ನೀಲಿ ತಲೆಯ ವೈರು ಕೂರುವ ಜಾಗವೇ ಇಲ್ಲ. ಇರುವುದು ಚಪ್ಪಟೆಯ ಎಚ್‌ಡಿಎಂಐ ತೂತು. ಸಾಹೇಬರು ಮೊಬೈಲ್ ಅಂಗಡಿಗೆ ಹೋಗಿ ಬೆರಳುದ್ದದ ಒಂದು ಅಡಾಪ್ಟರ್ ತಂದರು. ಅದರ ಒಂದು ತುದಿ ಹೊಸ ತೂತಿಗೆ, ಇನ್ನೊಂದು ತುದಿಗೆ ಹಳೆಯ ವೈರು. ವೈರು ಸಲೀಸಾಗಿ ಕೂರಲಿಲ್ಲ. ಅಂಗೈಯಿಂದ ಒತ್ತಿ ಕೂರಿಸಿದರು.

ಪರದೆ ಹತ್ತಿತು. ಆದರೆ ಬಿಳಿ ಇರಬೇಕಾದ ಕಡೆಯೆಲ್ಲ ತಿಳಿ ಹಸಿರು-ನೀಲಿ.

"ಸಾಹೇಬ್ರ, ಬಣ್ಣ ಯಾಕೋ ಬ್ಯಾರೆ ಕಾಣಾಕತ್ತೈತ್ರಿ," ಎಂದೆ.

"ಹಳೇ ಮಾನಿಟರ್, ಹೊಸಾ ಕಂಪ್ಯೂಟರ್. ಹೊಸಾ ಸೊಸಿ ಬಂದಂಗ, ಹೊಂದ್ಕೊಳ್ಳಾಕ ಎರಡು ದಿನ ಬೇಕವ್ವಾ," ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ನಮ್ಮ ಪರೀಕ್ಷೆ ಬಹಳ ಸರಳ. ಗಾಜಿನ ಮೇಲೆ ಕಫ ಸವರಿ, ಬಣ್ಣ ಹಾಕಿ ತೊಳೆಯುತ್ತೇವೆ. ರೋಗದ ಕ್ರಿಮಿ ಇದ್ದರೆ ನೀಲಿ ನೆಲದ ಮೇಲೆ ಸಣ್ಣ ಕೆಂಪು ಕಡ್ಡಿಗಳಂತೆ ಕಾಣುತ್ತದೆ. ಬರೀ ನೀಲಿ ಇದ್ದರೆ ಭಯವಿಲ್ಲ.

ಬುಧವಾರ ಮನಸ್ಸು ಗಟ್ಟಿ ಮಾಡಿ ನನ್ನ ಕಫವನ್ನೂ ಗಾಜಿಗೆ ಸವರಿದೆ. ಹೆಸರು ಬರೆಯಲಿಲ್ಲ, ಒಂಬತ್ತನೇ ನಂಬರ್ ಎಂದಷ್ಟೇ ಗುರುತು ಹಾಕಿದೆ. ಪರದೆಯ ಮುಂದೆ ಕೂತು ಅಂಗುಲ ಅಂಗುಲ ಹುಡುಕಿದೆ. ನೀಲಿ, ನೀಲಿ, ಬರೀ ನೀಲಿ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತುಬಿಟ್ಟೆ.

ಅವತ್ತು ಸಂಜೆ ಮನೆಗೆ ಹೋದವಳೇ ಮಾಸ್ಕ್ ಕಿತ್ತೆಸೆದು ಕೂಸನ್ನು ಎತ್ತಿಕೊಂಡೆ. ಇಷ್ಟು ದಿನದ ಮುದ್ದನ್ನೆಲ್ಲ ಒಂದೇ ಸಲ ತೀರಿಸಿದೆ. ಕೂಸು ನನ್ನ ಬಾಯಿಗೆ ಬೆರಳು ಹಾಕಿ ನಕ್ಕಿತು. ನನ್ನ ಮುಖಕ್ಕೆ ಮುಖ ಒತ್ತಿಕೊಂಡೇ ಬೆಳಗಿನವರೆಗೆ ಮಲಗಿತು.

ಮರುದಿನ ಮಧ್ಯಾಹ್ನ ಲ್ಯಾಬಿನಲ್ಲಿ ಜನ ಇರಲಿಲ್ಲ. ವರದಿ ಟೈಪು ಮಾಡುವ ಮಂಜುಳಾ ತನ್ನ ಬಸುರಿ ಅಕ್ಕನ ಕುಬಸದ ಫೋಟೋಗಳನ್ನು ಅದೇ ಕಂಪ್ಯೂಟರಿಗೆ ಹಾಕಿಕೊಂಡು ನೋಡುತ್ತಿದ್ದಳು.

"ಅಯ್ಯ ಅಕ್ಕಾರ, ನೋಡ್ಬರ್ರಿ ಇಲ್ಲೆ! ನಮ್ಮಕ್ಕನ ಕುಂಕುಮ ಕರ್ರಗ ಕಾಣಾಕತ್ತೈತಿ!"

ನಗುತ್ತಲೇ ಎದ್ದು ಹೋದೆ. ಪರದೆಯಲ್ಲಿ ಅವಳ ಅಕ್ಕ ಹಸಿರು ಸೀರೆ, ಹಸಿರು ಬಳೆ ತೊಟ್ಟು ಕೂತಿದ್ದಳು. ಹಸಿರು ಹಸಿರಾಗಿಯೇ ಇತ್ತು. ಹಣೆಯ ಕುಂಕುಮ ಇದ್ದಿಲಿನ ಬೊಟ್ಟಿನಂತೆ ಕಪ್ಪಗಿತ್ತು. ಮಂಜುಳಾಳ ಫೋನು ಕಸಿದುಕೊಂಡು ಅದೇ ಫೋಟೋ ನೋಡಿದೆ. ಅದರಲ್ಲಿ ಕೆಂಪು.

ಈ ಪರದೆಯಲ್ಲಿ ಕೆಂಪು ಎನ್ನುವುದೇ ಇರಲಿಲ್ಲ. ಕೆಂಪು ಕಡ್ಡಿ ಇದ್ದರೂ ನೀಲಿಯಲ್ಲೇ ಬೆರೆತು ಹೋಗಿರುತ್ತದೆ.

ಸಾಹೇಬರು ಒತ್ತಿ ಕೂರಿಸಿದ್ದ ವೈರು ಕಿತ್ತು ನೋಡಿದೆ. ಹದಿನೈದು ಪಿನ್ನುಗಳಲ್ಲಿ ಮೂಲೆಯದೊಂದು ಬಾಗಿ ಮಲಗಿತ್ತು. ಸಾಹೇಬರಿಗೆ ಫೋನ್ ಮಾಡಿದೆ. ಅವರು ಅಂಗಡಿಯವನನ್ನು ಕೇಳಿ ತಿರುಗಿ ಫೋನ್ ಮಾಡಿದರು. "ಆ ವೈರಿನ್ಯಾಗ ಒಂದೊಂದು ಬಣ್ಣಕ್ಕ ಒಂದೊಂದು ಪಿನ್ನಂತವ್ವಾ. ಕೆಂಪಿಂದು ಮೂಲ್ಯಾಗ ಇರ್ತೈತಂತ," ಎಂದರು. ಈ ಸಲ ಅವರು ನಗಲಿಲ್ಲ.

ಸೋಮವಾರದಿಂದ ನನ್ನದೂ ಸೇರಿ ಒಂಬತ್ತು ಮಂದಿಯ ಗಾಜು ನೋಡಿದ್ದೆ. ಒಂಬತ್ತಕ್ಕೂ ರೋಗವಿಲ್ಲ ಎಂದಿದ್ದೆ. ಗಾಜುಗಳು ಪೆಟ್ಟಿಗೆಯಲ್ಲಿ ಸಾಲಾಗಿ ಇದ್ದವು. ನನ್ನದನ್ನು ಮೊದಲು ತೆಗೆಯಬೇಕಿತ್ತು. ತೆಗೆಯಲಿಲ್ಲ, ಹೇಡಿ ನಾನು. ಒಂದರಿಂದ ಶುರುಮಾಡಿದೆ. ಬಗ್ಗಿ, ಸೂಕ್ಷ್ಮದರ್ಶಕಕ್ಕೇ ನೇರ ಕಣ್ಣಿಟ್ಟು ನೋಡಿದೆ. ಮೊದಲ ಮೂರು ನಿಜವಾಗಿಯೂ ನೀಲಿ. ನಾಲ್ಕನೆಯದು ಹಿರೇಬೆಂಡಿಗೇರಿಯ ಗಿರಿಯಪ್ಪ ಎಂಬ ಮುದುಕನದು. ಅದರ ತುಂಬ ಕೆಂಪು ಕಡ್ಡಿಗಳು.

"ಮಂಜುಳಾ, ಗಿರಿಯಪ್ಪಜ್ಜಗ ಫೋನ್ ಹಚ್ಚು. ಇವತ್ತ ಆಸ್ಪತ್ರಿಗೆ ಬಾ ಅನ್ನು."

"ಏನಂತ ಹೇಳ್ಲಿರಿ ಅಕ್ಕಾರ? ನಿನ್ನೆ ನಾನ ಏನೂ ಇಲ್ಲಂತ ಹೇಳೇನಿ."

"ತಪ್ಪು ನಮ್ದು ಅಂತ ಹೇಳು."

ಐದರಿಂದ ಎಂಟರವರೆಗೆ ಏನೂ ಇರಲಿಲ್ಲ. ಉಳಿದದ್ದು ಒಂಬತ್ತನೆಯದು, ನನ್ನದು. ದೇವರೇ ನೀಲಿ ಇರಲಿ, ಕೂಸಿನ ಸಲುವಾಗಿಯಾದರೂ ನೀಲಿ ಇರಲಿ ಎಂದುಕೊಂಡು ಕಣ್ಣಿಟ್ಟೆ. ಬಹಳ ಹುಡುಕಬೇಕಾಗಲಿಲ್ಲ. ಒಂದು ಕಡೆ ಎರಡು, ಸ್ವಲ್ಪ ಸರಿಸಿದರೆ ಮೂರು. ತೆಳ್ಳಗೆ, ಕೆಂಪಗೆ.

ನಿನ್ನೆ ರಾತ್ರಿಯಿಡೀ ಕೂಸು ನನ್ನ ಉಸಿರನ್ನೇ ಉಸಿರಾಡಿತ್ತು. ಅತ್ತೆಗೆ ಫೋನ್ ಮಾಡಿದೆ.

"ಅತ್ತಿ, ಕೂಸೆಲ್ಲೈತ್ರಿ?"

"ನನ್ನ ತೊಡಿ ಮ್ಯಾಲ ಮಲಗೇತಿ. ಯಾಕ, ದನಿ ಹಂಗ್ಯಾಕ?"

ಎಲ್ಲ ಹೇಳಿದೆ. ನೆಗಡಿಯ ಸುಳ್ಳು, ಹಾಳು ಪರದೆ, ಕೆಂಪು ಕಡ್ಡಿ, ನಿನ್ನೆಯ ರಾತ್ರಿ. ಬೈಗುಳಕ್ಕೆ ಕಾದೆ. ಬರಲಿಲ್ಲ.

"ಕೂಸಿನ್ನ ಕರ್ಕೊಂಡು ಸವಣೂರು ಆಸ್ಪತ್ರಿಗೆ ಬರ್ರಿ ಅತ್ತಿ. ಪರೀಕ್ಷೆ ಮಾಡಿಸೋಣು. ಇನ್ನ ನಾ ಗುಣಾ ಆಗೂತನಕ ಕೂಸು ನಿಮ್ಮ ಹತ್ರನ ಇರ್ಲಿ. ನಿಮ್ಮ ಮಗ್ಗುಲಾಗ ಇದ್ರ ನನಗ ಚಿಂತಿಲ್ಲ."

"ಮಲ್ಲಿಕಾ," ಎಂದರು ಅತ್ತೆ. ಅಂಥ ಸಣ್ಣ ದನಿಯನ್ನು ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. "ನನಗ ದೀಪಾವಳಿಯಿಂದ ಕೆಮ್ಮೈತವ್ವಾ. ಈಗೀಗ ರಕ್ತಾನೂ ಬೀಳಾಕತ್ತೈತಿ. ನಿನಗ ಗೊತ್ತಾದ್ರ ಕೂಸಿನ್ನ ನನ್ನ ಕೈಗೆ ಕೊಡಾಂಗಿಲ್ಲಂತ ಹೆದರಿ, ಹಿತ್ತಲಕ್ಕ ಹೋಗಿ ಕೆಮ್ಮಿ ಬರ್ತಿದ್ದೆ."

ಆ ಕಡೆ ಏನೋ ಸರಿದ ಸದ್ದಾಯಿತು. ಕೂಸನ್ನು ತೊಡೆಯಿಂದ ಕೆಳಗಿಳಿಸಿರಬೇಕು, ಎಚ್ಚರಾಗಿ ಅಳತೊಡಗಿತು. ಅಳು ಏರುತ್ತಲೇ ಹೋಯಿತು. ಅತ್ತೆ ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಿರಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.