ತಳ ನೋಡುವ ನಿಜಾಮುದ್ದೀನರು

ನಿಜಾಮುದ್ದೀನರು ಯಾರ ಮನೆಗೆ ಬಂದರೂ ಕೈಗೆ ಸಿಕ್ಕ ಪಾತ್ರೆಯನ್ನು ಮೊದಲು ಬೋರಲು ಹಾಕಿ ನೋಡುತ್ತಾರೆ. ನೀರು ಕೊಟ್ಟರೆ ಕುಡಿದು ಮುಗಿಸಿ, ಆ ಚೊಂಬನ್ನೂ ತಿರುಗಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿನ ಮಟ್ಟಕ್ಕೆ ಎತ್ತಿ ತಳವನ್ನು ಬೆಳಕಿಗೆ ಹಿಡಿಯುತ್ತಾರೆ. ಹೊಳಪು, ಅಂಚಿನ ಚಿತ್ತಾರ ಯಾವುದೂ ಅವರಿಗೆ ಬೇಕಿಲ್ಲ. "ಎಲ್ಲಾರೂ ಮಕ ನೋಡಿ ಪಾತ್ರೆ ತತ್ತಾರೆ. ಒಲೆ ಮ್ಯಾಲೆ ಕೂರೋದು ಮಕವಾ?" ಎನ್ನುತ್ತಾರೆ.

ಹುಣಸೂರಿನ ನಮ್ಮ ಬೀದಿಗೆ ಅವರು ನಾನು ಸೊಸೆಯಾಗಿ ಬಂದ ಕಾಲದಿಂದ ಬರುತ್ತಿದ್ದಾರೆ. ಆಗ ತಿದಿ ಒತ್ತಿ ತಾಮ್ರ ಹಿತ್ತಾಳೆಗೆ ಕಲಾಯಿ ಹಾಕುತ್ತಿದ್ದರು. ಸ್ಟೀಲು ಬಂದು ಕಲಾಯಿ ನಿಂತಿತು. ಬಲ ಹೆಗಲಿನ ಮೂಟೆಯೂ ಇಳಿಯಿತು, ಆದರೆ ಮೂಟೆ ಹೊತ್ತು ಹೊತ್ತು ಎಡಕ್ಕೆ ವಾಲಿದ ನಡಿಗೆ ಮಾತ್ರ ಹಾಗೇ ಉಳಿಯಿತು. ಎಷ್ಟೋ ವರ್ಷ ಸುಮ್ಮನೆ ಇದ್ದವರಿಗೆ ಈಗ ಗಾಜಿನಡಿ ಕೆಂಪಗೆ ಕಾಯುವ ಈ ಕರೆಂಟ್ ಒಲೆಗಳು ಕೆಲಸ ತಂದಿವೆ. ಆ ಒಲೆಗೆ ತಳ ಚಪ್ಪಟೆ ಇರಬೇಕು, ಉಬ್ಬಿದ್ದರೆ ಕಾವು ಹತ್ತುವುದಿಲ್ಲ. ಉಬ್ಬಿದ ತಳವನ್ನು ಮರದ ಸುತ್ತಿಗೆಯಿಂದ ತಟ್ಟಿ ಸಮ ಮಾಡುವ ಕೈ ಊರಲ್ಲಿ ಅವರದೊಂದೇ. ಅವರ ಕಂದು ಕೋಟಿನ ಒಳಜೇಬನ್ನು ಬೇಕೆಂದೇ ದೊಡ್ಡದಾಗಿ ಹೊಲಿಸಿದ್ದಾರೆ. ಅದರಲ್ಲಿ ಸ್ಲೇಟಿನಷ್ಟು ಅಗಲದ ಗಾಜು. ತಟ್ಟಿದ ಪಾತ್ರೆಯನ್ನು ಅದರ ಮೇಲಿಟ್ಟು ಸುತ್ತಲೂ ಪೇಪರಿನ ಚೂರು ತೂರಿಸುತ್ತಾರೆ. ಒಂದು ಕಡೆ ಒಳಗೆ ಹೋದರೂ ಮತ್ತೆ ಸುತ್ತಿಗೆ.

ನನ್ನ ಸೊಸೆ ಉಷಾರಾಣಿ ಶಾಲೆಯಲ್ಲಿ ಮೇಡಂ. ಅವಳು ಆ ಒಲೆ ತಂದಾಗ ಪಾತ್ರೆ ಆರಿಸಲು ಇವರನ್ನೇ ಕರೆದೆವು. ತಳ ಒರಟಾದ ಕಬ್ಬಿಣದ ಹೆಂಚು ಬೇಡ, ಬುಡದಲ್ಲಿ ಬಳೆ ಇರುವ ಬೋಗುಣಿ ಬೇಡ, ಮಡಕೆಯಂತೂ ಬೇಡವೇ ಬೇಡ ಎಂದು ಅರ್ಧ ಅಡಿಗೆಮನೆಯನ್ನು ಆಚೆ ಇಡಿಸಿದರು. ನನ್ನ ಅಲ್ಯೂಮಿನಿಯಂ ಮುದ್ದೆ ಪಾತ್ರೆಯನ್ನು ಒಯ್ದು ತಟ್ಟಿ ತಂದುಕೊಟ್ಟರು. ಅವರ ಕೈ ನೋಡಿ ಶಾಲೆಯ ಪವಿತ್ರ ಮೇಡಂ, ಇನ್ನಿಬ್ಬರು, ತಮ್ಮ ಪಾತ್ರೆಗಳನ್ನೂ ಕೊಟ್ಟರು.

ಎಂಟು ದಿನಕ್ಕೆ ನಮ್ಮ ಒಲೆಯ ಗಾಜಿನ ಮೇಲೆ ಗೀರುಗಳು ಕಂಡವು. ಸೊಸೆ ಅವರನ್ನು ಕರೆಸಿದಳು.

"ನೋಡಿ ನಿಜಾಮಣ್ಣ, ನಿಮ್ಮ ಸುತ್ತಿಗೆ ತಳದಲ್ಲಿ ಮುಳ್ಳು ಬಿಟ್ಟಿದೆ. ಪಾತ್ರೆ ವಾಪಸ್ ತಗೊಳ್ಳಿ ಅಂತ ಪವಿತ್ರ ಮೇಡಂಗೂ ಹೇಳ್ಬಿಡ್ತೀನಿ."

ಆ ಮಾತು ಶಾಲೆ ಮುಟ್ಟಿದರೆ ಊರು ಮುಟ್ಟಿದ ಹಾಗೆ. ಎಷ್ಟೋ ವರ್ಷದ ಮೇಲೆ ಅವರಿಗೆ ತಿರುಗಿ ಬಂದ ಕೆಲಸ ಅಲ್ಲಿಗೆ ಮುಗಿದಂತೆ. ಅದು ಅವರಿಗೂ ಗೊತ್ತು.

"ಹೇಳೀರಂತೆ ಕಣವ್ವಾ, ಒಸಿ ತಡೀರಿ. ನಿಂಬೆಹಣ್ಣು ಐತಾ?"

"ಯಾಕೆ, ಶರಬತ್ತು ಬೇಕಾ?"

"ನಂಗಲ್ಲ, ಒಲೆಗೆ."

ಆರಿದ ಒಲೆಯ ಮೇಲೆ ನಿಂಬೆಹೋಳು ಉಜ್ಜಿ ಒರೆಸಿದರು. ಅಲ್ಯೂಮಿನಿಯಂ ಬಿಟ್ಟಿದ್ದ ಬೂದು ಕಲೆ ಹೋಯಿತು, ಗೀರು ಉಳಿಯಿತು. ಉಗುರು ಆಡಿಸಿ ನೋಡಿದರು. "ಮುಳ್ಳಿದ್ರೆ ಒಂದು ಗೆರೆ ಬೀಳ್ತಿತ್ತು. ಇದು ಬಾಚಣಿಗೆ ಎಳ್ದಂಗೆ ಐತಲ್ಲ!" ಎಂದು ನನ್ನ ಕಡೆ ತಿರುಗಿದರು. "ಅವ್ವಾ, ದಿನಾ ಹೆಂಗೆ ಮಾಡ್ತೀರೋ ಅಂಗೇ ಮುದ್ದೆಗೆ ಎಸರಿಡಿ. ನಾನಿಲ್ಲಿ ಇಲ್ಲ ಅಂದ್ಕೊಳ್ಳಿ."

ನಾನು ಹಿತ್ತಲಿಗೆ ಹೋಗಿ, ಚಿಪ್ಪಿನಲ್ಲಿ ಕಲಸಿಟ್ಟಿದ್ದ ಮಣ್ಣು ಬೂದಿಯನ್ನು ಪಾತ್ರೆಯ ತಳಕ್ಕೆ ಬಳಿದು ತಂದೆ. ತವರೂರು ಭೇರ್ಯದಲ್ಲಿ ನಮ್ಮವ್ವ ಕಲಿಸಿದ್ದು. ಸೌದೆ ಒಲೆಯ ಮಸಿ ಪಾತ್ರೆಗೆ ಹಿಡಿಯದಿರಲಿ ಎಂದು. ಈ ಒಲೆಗೆ ಮಸಿ ಇಲ್ಲ, ಗೊತ್ತು. ಆದರೂ ಗಾಜಿಗೆ ಲೋಹ ತಾಗದಿರಲಿ ಎಂದು ಇನ್ನೂ ಒಂದು ಪದರ ದಪ್ಪಗೇ ಬಳಿಯುತ್ತಿದ್ದೆ. ಸೊಸೆ ಏಳುವುದರೊಳಗೆ ಮುದ್ದೆ ಮುಗಿಸಿ, ಪಾತ್ರೆ ತೊಳೆದು, ಒಲೆ ಒರೆಸಿಡುತ್ತಿದ್ದೆ.

ಅವರು ಆ ಮಣ್ಣನ್ನು ಚಿಟಿಕೆಯಷ್ಟು ತೆಗೆದು, ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಉಜ್ಜಿದರು. ಮರಳಿನ ಕರಕರ ಸದ್ದು ಕೇಳಿಸಿರಬೇಕು, ಮುಖ ಅರಳಿತು.

"ಮುದ್ದೆ ತಿರುವೋದೆಲ್ಲಿ?"

"ಒಲೆ ಮೇಲೇ."

"ಯಾ ಅಲ್ಲಾ! ಮರಳಾಕಿ ಗಾಜಿನ ಮ್ಯಾಲೆ ಬೀಸೋಕಲ್ಲು ತಿರುವ್ದಂಗೆ ಆಯ್ತಲ್ಲ ಕಣವ್ವಾ!"

"ಅತ್ತೆ, ಗಾಜಿನ ಒಲೆಗೆ ಮಣ್ಣಾ?" ಎಂದಳು ಸೊಸೆ.

"ಗಾಜಿಗೆ ಗಾಯ ಆಗದಿರ್ಲಿ ಅಂತ ಕಣವ್ವಾ" ಎಂದೆ. ನನ್ನ ಮುಖ ಸುಡುತ್ತಿತ್ತು.

"ನನ್ನ ಕೈ ತಪ್ಪಲ್ಲ, ನೋಡಿದಿರಾ" ಎಂದು ನಿಜಾಮುದ್ದೀನರು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ನೆಲಕ್ಕೆ ಕೂತು, ಮಣ್ಣು ಯಾವ ಕೆರೆಯದು, ಬೂದಿ ಎಷ್ಟು ಪಾಲು, ಜರಡಿ ಹಿಡಿಯುತ್ತಿದ್ದಿರಾ ಎಂದು ಒಂದೊಂದೇ ಕೇಳಿದರು. ಆಮೇಲೆ ತಮ್ಮ ಜೇಬಿನ ಗಾಜನ್ನೇ ಹೊರತೆಗೆದು, ಅದಕ್ಕೆ ಮಣ್ಣು ಹಾಕಿ, ನನ್ನ ಪಾತ್ರೆ ಇಟ್ಟು ತಿರುವಿ, ಅದೇ ಬಾಚಣಿಗೆಯ ಗೆರೆ ಬಿದ್ದದ್ದನ್ನು ನೋಡಿ ತೃಪ್ತಿಪಟ್ಟರು. ಅವರ ಗಾಜೂ ಹಾಳಾಯಿತು. ಅದರ ಗೊಡವೆ ಅವರಿಗಿರಲಿಲ್ಲ. ಸೊಸೆ ಪಕ್ಕದಲ್ಲೇ ನಿಂತು ಪವಿತ್ರ ಮೇಡಂಗೆ ಫೋನು ಮಾಡಿ, "ಪಾತ್ರೆ ನಿಜಾಮಣ್ಣನ ಹತ್ರಾನೇ ಇರ್ಲಿ, ನಮ್ಮ ಒಲೆ ಗೀರಾಗಿದ್ದಕ್ಕೆ ಅವರದೇನೂ ತಪ್ಪಿಲ್ಲ" ಎಂದಳು. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ. "ತಳವ ಒಣಬಟ್ಟೇಲಿ ಒರೆಸಿ ಇಡಿ, ಎಳೀಬೇಡಿ, ಎತ್ತಿ ಇಡಿ. ಮುದ್ದೆ ತಿರುವೋವಾಗ ಕೆಳಗೆ ಸಿಂಬೆ ಮ್ಯಾಲೆ ಇಳಿಸ್ಕೊಳ್ಳಿ" ಎಂದು ನನಗೆ ಹೇಳುತ್ತಾ ಇದ್ದರು.

ಏನಾದರೂ ಕೆಟ್ಟಾಗ ಯಾರು ಕೆಡಿಸಿದರು ಎಂದು ಕೇಳುವವರು ಬೀದಿ ತುಂಬ ಇರುತ್ತಾರೆ. ಹೇಗೆ ಕೆಟ್ಟಿತು ಎಂದು ಕೇಳುವವರು ಎಲ್ಲೋ ಒಬ್ಬರು. ಹೇಗೆ ಎಂಬುದು ತಿಳಿದ ಮೇಲೆ ಅಂಥವರಿಗೆ ಯಾರು ಎಂಬುದು ನೆನಪಿಗೇ ಬರುವುದಿಲ್ಲ, ತಮ್ಮ ಅನ್ನವೇ ಆ ಮಾತಿನ ಮೇಲೆ ನಿಂತಿದ್ದರೂ. ಅವರ ಎದುರು ತಪ್ಪು ಮಾಡಿದವರಿಗೂ ನಾಚಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರ ಜೊತೆ ತಾವೂ ಬಗ್ಗಿ ನೋಡತೊಡಗುತ್ತಾರೆ.